ವಿಜ್ಞಾನವು ಮಾರ್ಪಡುವ ಬಗೆ: ಮಲೆನಾಡಿನ ಮಂಗನ ಕಾಯಿಲೆಯ ನಿದರ್ಶನ

(ಉಪನ್ಯಾಸ)



ಅಡಿಕೆಯ ಕೊಯ್ಲು ನಡೆಯುವ ಕಾಲದಿಂದ ಮೊದಲ ಮಳೆ ಬೀಳುವವರೆಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಕಾಡಂಚಿನ ಮನೆಗಳಲ್ಲಿ ಒಂದು ಭಯವು ನೆಲೆಸಿರುವುದುಂಟು. ತೋಟದಾಚೆಯ ಕಾನಿನಲ್ಲಿ ಮಂಗವೊಂದು ಸತ್ತು ಬಿದ್ದಿತೆಂಬ ಸುದ್ದಿ ಬಂದರೆ ಸಾಕು, ಸೊಪ್ಪಿಗೆ ಹೋದವರು ಮನೆಗೆ ಬರುವವರೆಗೆ ಹಿರಿಯರಿಗೆ ಸಮಾಧಾನವಿಲ್ಲ. ಈ ಕಾಯಿಲೆಯ ಮಾತು ಬಂದಾಗ ಜಗಲಿಯ ಮೇಲೆ ಒಂದು ಆಕ್ಷೇಪವೂ ಹುಟ್ಟುತ್ತದೆ. "ವಿಜ್ಞಾನಿಗಳು ಮೊದಲು ಒಂದು ಹೇಳಿದರು, ತರುವಾಯ ಇನ್ನೊಂದು ಹೇಳಿದರು. ಮೂವತ್ತು ವರ್ಷ ಲಸಿಕೆ ಚುಚ್ಚಿದರು. ಈಗ ಅದರಿಂದ ಸಾಕಷ್ಟು ಪ್ರಯೋಜನವಿಲ್ಲವೆಂದು ನಿಲ್ಲಿಸಿದರು. ನಿನ್ನೆಯ ನಿಜವು ಇಂದು ಸುಳ್ಳಾಗುವುದಾದರೆ ಇಂದಿನ ನಿಜವನ್ನು ನಂಬುವುದು ಹೇಗೆ?"

ಇದು ಕೇವಲ ವಿತಂಡವಾದವಲ್ಲ. ನಾಳೆ ಹೊಸ ಲಸಿಕೆ ಬಂದಾಗ ತೋಳು ಒಡ್ಡುವರೋ ಇಲ್ಲವೋ, ಸತ್ತ ಮಂಗನನ್ನು ಕಂಡವರು ಆಸ್ಪತ್ರೆಗೆ ತಿಳಿಸುವರೋ ಸುಮ್ಮನೆ ದಾಟಿ ಹೋಗುವರೋ, ಜ್ವರ ಬಂದವರು ತಡಮಾಡದೆ ವೈದ್ಯರ ಬಳಿ ಹೋಗುವರೋ ಇಲ್ಲವೋ ಎಂಬುದೆಲ್ಲ ಈ ಪ್ರಶ್ನೆಗೆ ಜನರು ಕೊಟ್ಟುಕೊಳ್ಳುವ ಉತ್ತರವನ್ನೇ ಆಶ್ರಯಿಸಿದೆ. ಆದುದರಿಂದ ಇದನ್ನು ಪೂರ್ವಪಕ್ಷವೆಂದು ಗೌರವದಿಂದ ಅಂಗೀಕರಿಸಿ, ವಿಜ್ಞಾನವು ಯಾವ ಬಗೆಯಲ್ಲಿ ಮಾರ್ಪಡುತ್ತದೆ, ಏಕೆ ಮಾರ್ಪಡುತ್ತದೆ ಎಂಬುದನ್ನು ವಿಚಾರಿಸಿ, ಬಳಿಕ ಸಿದ್ಧಾಂತಕ್ಕೆ ಬರುವುದು ಯುಕ್ತ. ತತ್ತ್ವಜ್ಞರೂ ಸಮಾಜಶಾಸ್ತ್ರಜ್ಞರೂ ಇದೇ ಪ್ರಶ್ನೆಯನ್ನು ದೀರ್ಘಕಾಲ ಚರ್ಚಿಸಿದ್ದಾರೆ. ಅವರ ಮತಗಳನ್ನು ಒರೆಗೆ ಹಚ್ಚಲು ದೂರದ ನಿದರ್ಶನವೇನೂ ಬೇಕಾಗಿಲ್ಲ. ಈ ಸೀಮೆಯ ಕಾಡೇ ಸಾಕು.

ಮೊದಲು ರೋಗದ ವೃತ್ತಾಂತ. 1957ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳೂ ಮುಸುವಗಳೂ ಸತ್ತು ಬೀಳತೊಡಗಿದವು. ಕಾಡಿಗೆ ಸೌದೆ ಸೊಪ್ಪುಗಳಿಗಾಗಿ ಹೋಗುತ್ತಿದ್ದ ಹಳ್ಳಿಯವರಿಗೆ ಇದ್ದಕ್ಕಿದ್ದಂತೆ ಚಳಿಜ್ವರ, ವಿಪರೀತ ತಲೆನೋವು, ಸೊಂಟ ಮತ್ತು ಮೀನಖಂಡಗಳ ನೋವು ಬಂದು, ಕಣ್ಣು ಕೆಂಪಾಗಿ, ಕೆಲವರಲ್ಲಿ ರಕ್ತಸ್ರಾವವೂ ಆಗುತ್ತಿದ್ದಿತು. ಕೆಲವರಿಗೆ ಜ್ವರವು ಬಿಟ್ಟಂತಾಗಿ, ಒಂದೆರಡು ವಾರಗಳ ಮೇಲೆ ಮರುಕಳಿಸಿ ಮಿದುಳಿನ ಪೊರೆಗೆ ತಗಲುತ್ತಿದ್ದಿತು. ಆ ಒಂದು ವರ್ಷದಲ್ಲಿಯೇ 450ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ರೋಗ ತಗಲಿದವರಲ್ಲಿ ನೂರಕ್ಕೆ ಸುಮಾರು 3ರಿಂದ 5 ಮಂದಿ ಸಾಯುವರೆಂದು ತರುವಾಯದ ಅನುಭವದಿಂದ ತಿಳಿದುಬಂದಿದೆ. ಮಂಗಗಳ ಸಾವಿಗೂ ಮನುಷ್ಯರ ಜ್ವರಕ್ಕೂ ಸಂಬಂಧವುಂಟೆಂದು ಹಳ್ಳಿಯ ಜನರು ತಾವೇ ಕಂಡುಕೊಂಡು 'ಮಂಗನ ಕಾಯಿಲೆ' ಎಂದು ಕರೆದರು. ವಿಜ್ಞಾನವು ಇಟ್ಟ 'ಕ್ಯಾಸನೂರು ಕಾಡಿನ ಕಾಯಿಲೆ' ಎಂಬ ಹೆಸರಿಗಿಂತ ಆ ಹೆಸರೇ ಇಂದಿಗೂ ಈ ಸೀಮೆಯಲ್ಲಿ ರೂಢಿಯಲ್ಲಿದೆ.

ಪುಣೆಯಲ್ಲಿ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ವೈರಾಣು ಸಂಶೋಧನ ಕೇಂದ್ರವನ್ನು ಸ್ಥಾಪಿಸಿದ್ದವು. ಮಂಗಗಳ ಸಾವಿನ ವರ್ತಮಾನ ಮುಟ್ಟಿದೊಡನೆಯೆ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪೀಡೊ ಮೊದಲಾದವರು ಶಿವಮೊಗ್ಗೆ ಜಿಲ್ಲೆಗೆ ಬಂದರು. ಅವರಿಗೆ ತೋರಿದ ಮೊದಲ ಶಂಕೆ ಹಳದಿ ಜ್ವರದ್ದು. ಈ ಶಂಕೆಗೆ ಕಾರಣವುಂಟು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಕೋತಿಗಳು ಸತ್ತು ಬಿದ್ದ ಬೆನ್ನಿಗೇ ಮನುಷ್ಯರಿಗೆ ಹಳದಿ ಜ್ವರ ಬರುವುದು ಆಗ ಪ್ರಸಿದ್ಧವಾಗಿದ್ದಿತು. ಏಷ್ಯಾಖಂಡದಲ್ಲಿ ಆ ರೋಗವು ಎಂದೂ ನೆಲೆಯೂರಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆಯಾದರೋ ಇಲ್ಲಿ ಧಾರಾಳವಾಗಿದ್ದಿತು. ಆದುದರಿಂದ ಈ ಶಂಕೆಯು ಇಡೀ ದೇಶಕ್ಕೆ ದಿಗಿಲು ಹುಟ್ಟಿಸತಕ್ಕದ್ದಾಗಿದ್ದಿತು.

ಆದರೆ 1957ರ ಮಾರ್ಚಿಯಲ್ಲಿ ಸತ್ತ ಮಂಗನಿಂದ ಬೇರ್ಪಡಿಸಿದ ವೈರಾಣುವನ್ನು ಪರೀಕ್ಷಿಸಲಾಗಿ, ಅದು ಹಳದಿ ಜ್ವರದ್ದಲ್ಲವೆಂದು ಸ್ಪಷ್ಟವಾಯಿತು. ಅದು ಸೈಬೀರಿಯದ ಆಚೆಯ ಕಾಡುಗಳಲ್ಲಿ 1937ರಲ್ಲಿ ಸೋವಿಯತ್ ವಿಜ್ಞಾನಿಗಳು ಕಂಡುಹಿಡಿದಿದ್ದ 'ರಷ್ಯದ ವಸಂತ-ಗ್ರೀಷ್ಮ ಮಿದುಳುಜ್ವರ'ದ ಬಳಗಕ್ಕೆ ಸೇರಿದ್ದಾಗಿತ್ತು. ಆ ಬಳಗದ ರೋಗಗಳನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಶೋಧಿಸಲಾಗಿ ಈ ಕಾಡಿನ ಉಣುಗುಗಳಲ್ಲಿಯೂ, ಅದರಲ್ಲಿ ವಿಶೇಷವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯಲ್ಲಿಯೂ, ಅದೇ ವೈರಾಣು ದೊರೆಯಿತು.

ಇಲ್ಲಿ ಮೊದಲನೆಯ ಮತವನ್ನು ಪರಿಶೀಲಿಸಬಹುದು. ವಿಯೆನ್ನಾ ನಗರದ ತತ್ತ್ವಜ್ಞ ಕಾರ್ಲ್ ಪಾಪರ್ 1934ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದ ತತ್ತ್ವವಿದು: ಸಾವಿರ ನಿದರ್ಶನಗಳು ಕೂಡಿದರೂ ಒಂದು ಸಿದ್ಧಾಂತವು ಸಂಪೂರ್ಣವಾಗಿ ಸಾಧಿತವಾಗದು, ಆದರೆ ವಿರುದ್ಧವಾದ ಒಂದೇ ನಿದರ್ಶನದಿಂದ ಅದು ಬೀಳಬಹುದು. ಆದುದರಿಂದ ವಿಜ್ಞಾನದ ಲಕ್ಷಣವು ತನ್ನ ಮಾತನ್ನು ಸಾಧಿಸಿಕೊಳ್ಳುವುದಲ್ಲ, ಬೀಳಬಹುದಾದ ಪರೀಕ್ಷೆಗೆ ಅದನ್ನು ತಾನೇ ಒಡ್ಡುವುದು. ಹಳದಿ ಜ್ವರದ ಊಹೆಗೆ ನಡೆದುದು ಇದೇ. ಬಂದವರು ಹಳದಿ ಜ್ವರವನ್ನೇ ನಿರೀಕ್ಷಿಸಿ ಬಂದಿದ್ದರು. ಆದರೂ ಪರೀಕ್ಷೆಯ ಫಲವು ವಿರುದ್ಧವಾದಾಗ ಕೆಲವೇ ತಿಂಗಳಲ್ಲಿ ಆ ಊಹೆಯನ್ನು ಕೈಬಿಟ್ಟರು. ತಪ್ಪು ಊಹೆಯನ್ನು ಮಾಡಿದುದು ಅವರಿಗೆ ಕುಂದಲ್ಲ. ಅದನ್ನು ಹಿಡಿದುಕೊಂಡೇ ಇದ್ದಿದ್ದರೆ ಅದು ಕುಂದು. ಏಕೆಂದರೆ ಆಗ ಹಳ್ಳಿ ಹಳ್ಳಿಗೂ ಸೊಳ್ಳೆಯನ್ನು ಕೊಲ್ಲುವ ಔಷಧವನ್ನು ಸಿಂಪಡಿಸುತ್ತಿದ್ದರು, ಕಾಡಿನಲ್ಲಿ ಉಣುಗು ತನ್ನ ಕೆಲಸವನ್ನು ನಡೆಯಿಸುತ್ತಲೇ ಇರುತ್ತಿದ್ದಿತು.

ಆದರೆ ಪಾಪರನ ಮತದಿಂದ ಎಲ್ಲವೂ ವಿವರಿಸಲ್ಪಡುವುದಿಲ್ಲ. ಒಂದು ವಿಚಿತ್ರವಾದ ಸಂಗತಿಯನ್ನು ತಾವು ಗಮನಿಸಬೇಕು. ಪುಣೆಯ ಕೇಂದ್ರವು ಸ್ಥಾಪಿತವಾದ ಹೊಸತರಲ್ಲಿ, 1952ರಲ್ಲಿ, ಭಾರತದ ಹಲವು ಪ್ರಾಂತಗಳ ಜನರ ರಕ್ತವನ್ನು ಸಂಗ್ರಹಿಸಿ, ಯಾವ ಯಾವ ವೈರಾಣುಗಳ ಸಂಪರ್ಕದ ಗುರುತು ಅದರಲ್ಲಿದೆಯೆಂದು ಪರೀಕ್ಷಿಸಿದ್ದರು. ಆಗ ಸೌರಾಷ್ಟ್ರ ಮತ್ತು ಕಚ್ಛ ಸೀಮೆಯ ಕೆಲವರ ರಕ್ತದಲ್ಲಿ ರಷ್ಯದ ಮಿದುಳುಜ್ವರದ ವೈರಾಣುವನ್ನು ಎದುರಿಸುವ ಪ್ರತಿವಸ್ತು ಕಂಡುಬಂದಿದ್ದಿತು. ಈ ಫಲವು 1954ರಲ್ಲಿ ಅಚ್ಚೂ ಆಯಿತು. ಅಂದರೆ ಈ ಬಳಗದ ವೈರಾಣು ಭಾರತದಲ್ಲಿರಬಹುದೆಂಬ ಸುಳಿವು, ಕ್ಯಾಸನೂರಿನಲ್ಲಿ ಮಂಗಗಳು ಸಾಯುವುದಕ್ಕೆ ಮೂರು ವರ್ಷ ಮೊದಲೇ ಅದೇ ಸಂಸ್ಥೆಯ ಕಾಗದಗಳಲ್ಲಿದ್ದಿತು. ಆದರೂ 1957ರಲ್ಲಿ ಮೊದಲು ಮನಸ್ಸಿಗೆ ಬಂದುದು ಹಳದಿ ಜ್ವರವೇ. ಇದೇಕೆ?

ಇದಕ್ಕೆ ಉತ್ತರವನ್ನು ಲುಡ್ವಿಕ್ ಫ್ಲೆಕ್ ಎಂಬ ಪೋಲೆಂಡ್ ದೇಶದ ಯಹೂದಿ ವೈದ್ಯನು ಸೂಚಿಸಿದ್ದಾನೆ. ಈತನು ಸ್ವತಃ ರಕ್ತಪರೀಕ್ಷೆಯ ಕಾರ್ಯಾಗಾರದಲ್ಲಿ ದುಡಿದವನು. ಉಪದಂಶ ರೋಗವನ್ನು ಕಾಲಕಾಲಕ್ಕೆ ಜನರು ಹೇಗೆ ಹೇಗೆ ತಿಳಿದುಕೊಂಡರೆಂಬುದನ್ನು ವಿವರಿಸಿ 1935ರಲ್ಲಿ ಒಂದು ಗ್ರಂಥವನ್ನು ಬರೆದನು. ಅವನ ಅಭಿಪ್ರಾಯದಲ್ಲಿ ಯಾವ ವಿಜ್ಞಾನಿಯೂ ಒಬ್ಬಂಟಿಯಾಗಿ ಕಾಣುವುದಿಲ್ಲ. ಒಂದು ಚಿಂತನ ಸಮುದಾಯದ ಸದಸ್ಯನಾಗಿ, ಆ ಸಮುದಾಯವು ಕಲಿಸಿದ ಕಣ್ಣಿನಿಂದ ಕಾಣುತ್ತಾನೆ. ಹೊನ್ನಾಳಿಯ ಬಯಲಿನವನು ಕಾನಿಗೆ ಬಂದರೆ ಹಸಿರು ಮಾತ್ರ ಕಾಣುತ್ತದೆ. ಇಲ್ಲಿಯೇ ಹುಟ್ಟಿದವನಿಗೆ ಯಾವ ಗಿಡದ ಸೊಪ್ಪು ತೋಟಕ್ಕೆ ಒಳ್ಳೆಯದು, ಯಾವ ದಾರಿಯಲ್ಲಿ ದನ ಹೋಗಿದೆ ಎಂಬುದೂ ಕಾಣುತ್ತದೆ. ಕಣ್ಣು ಒಂದೇ, ಪಳಗುವಿಕೆ ಬೇರೆ. ರಾಕ್‌ಫೆಲರ್ ಪ್ರತಿಷ್ಠಾನವು ದಶಕಗಳ ಕಾಲ ಹಳದಿ ಜ್ವರದ ಮೇಲೆ ಹಣವನ್ನೂ ಶ್ರಮವನ್ನೂ ವೆಚ್ಚಮಾಡಿದ್ದಿತು. ಆ ಪರಂಪರೆಯಲ್ಲಿ ಪಳಗಿದ ಕಣ್ಣಿಗೆ ಸತ್ತ ಕೋತಿಯೆಂದರೆ ಹಳದಿ ಜ್ವರದ ಗುರುತು. ಸೌರಾಷ್ಟ್ರದ ರಕ್ತದಲ್ಲಿದ್ದ ಸುಳಿವು ಯಾವ ಕಥೆಗೂ ಹೊಂದದೆ ಬಿಡಿಯಾಗಿ ಬಿದ್ದಿದ್ದಿತು.

ಅಮೆರಿಕದ ಥಾಮಸ್ ಕೂನ್ 1962ರಲ್ಲಿ ಬರೆದ ಪ್ರಸಿದ್ಧ ಗ್ರಂಥದಲ್ಲಿ ಇದೇ ದಾರಿಯಲ್ಲಿ ಮುಂದೆ ಹೋದನು. ವಿಜ್ಞಾನವು ಸಾಮಾನ್ಯವಾಗಿ ಒಂದು ಮಾದರಿಯ ಚೌಕಟ್ಟಿನೊಳಗೆ ನಡೆಯುತ್ತದೆ. ಚೌಕಟ್ಟಿಗೆ ಹೊಂದದ ಸಂಗತಿಗಳು ಮೊದಲು ಅಲಕ್ಷ್ಯಕ್ಕೆ ಈಡಾಗುತ್ತವೆ. ಅಂಥವು ಹೆಚ್ಚಿ ಹೆಚ್ಚಿ ಸಂಕಟವೊದಗಿದಾಗ ಚೌಕಟ್ಟೇ ಬದಲಾಗಿ, ಅದರೊಡನೆ ಕೇಳಬೇಕಾದ ಪ್ರಶ್ನೆಗಳೂ ಬದಲಾಗುತ್ತವೆ ಎಂದು ಅವನ ಅಭಿಪ್ರಾಯ. ಗೋಡೆಗೆ ಇಟ್ಟಿಗೆ ಸೇರಿಸಿದಂತೆ ಜ್ಞಾನವು ಸುಮ್ಮನೆ ಬೆಳೆಯುತ್ತ ಹೋಗುವುದೆಂಬ ಹಳೆಯ ನಂಬಿಕೆಯನ್ನು ಅವನು ಒಪ್ಪಲಿಲ್ಲ.

ಕೂನನ ಮಾತಿಗೆ ಮಂಗನ ಕಾಯಿಲೆಯಲ್ಲಿ ಸಾಕ್ಷ್ಯವುಂಟೆ? ಉಂಟು. ವೈರಾಣು ರಷ್ಯದ ಬಳಗದ್ದೆಂದು ತಿಳಿದ ಮೇಲೆ ಎರಡು ಕಾರ್ಯಗಳು ಮೊದಲಾದವು. ಒಂದನೆಯದು, ರಷ್ಯದ ಮಿದುಳುಜ್ವರಕ್ಕೆಂದು ಸುಂಡಿಲಿಯ ಮಿದುಳಿನಲ್ಲಿ ಬೆಳೆಸಿ ತಯಾರಿಸಿದ ಲಸಿಕೆಯನ್ನು ಇಲ್ಲಿಯ ಜನರಿಗೆ ಕೊಟ್ಟು ನೋಡಿದುದು. ಬಳಗವು ಒಂದೇ ಆದುದರಿಂದ ರಕ್ಷಣೆ ದೊರೆಯಬಹುದೆಂಬ ಆಸೆ ಇದ್ದಿತು. ಆದರೆ ಅದು ಫಲಿಸಲಿಲ್ಲ. ಎರಡನೆಯದು, ಉತ್ತರದ ಶೀತದೇಶದ ವೈರಾಣು ಮಲೆನಾಡಿಗೆ ಹೇಗೆ ಬಂದಿತೆಂಬ ಶೋಧನೆ. ವಲಸೆಯ ಹಕ್ಕಿಗಳು ತಮ್ಮ ಮೈಮೇಲೆ ಉಣುಗುಗಳನ್ನು ಹೊತ್ತು ತಂದಿರಬಹುದೆಂದು ಊಹಿಸಿದರು. ಇದನ್ನು ಪರೀಕ್ಷಿಸುವುದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ಪ್ರಕೃತಿಚರಿತ್ರೆಯ ಸಂಘವು, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಮುಂದಾಳುತನದಲ್ಲಿ, 1959ರ ಸುಮಾರಿಗೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಕಾರ್ಯವನ್ನು ಕೈಗೊಂಡಿತು. ಭಾರತದ ಹಕ್ಕಿಗಳ ವಲಸೆಯ ವಿಷಯದಲ್ಲಿ ಇದರಿಂದ ಅಪಾರವಾದ ತಿಳಿವಳಿಕೆ ದೊರೆಯಿತು. ರೋಗವನ್ನು ಹಕ್ಕಿಗಳೇ ತಂದುವೆಂಬುದಕ್ಕೆ ಮಾತ್ರ ರುಜುವಾತು ಸಿಗಲಿಲ್ಲ.

ಹಕ್ಕಿಯ ಊಹೆಯು ಹಳದಿ ಜ್ವರದ ಊಹೆಯಂತೆ ಒಂದೇ ಪರೀಕ್ಷೆಯಿಂದ ಬೀಳಲಿಲ್ಲ ಎಂಬುದು ಇಲ್ಲಿಯ ವಿಶೇಷ. ಒಂದು ಹಕ್ಕಿಯಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಸಿಗಬಹುದೆಂದು ಯಾವಾಗಲೂ ಹೇಳಬಹುದಾಗಿದ್ದಿತು. ಹಂಗೆರಿ ದೇಶದಲ್ಲಿ ಹುಟ್ಟಿದ ಇಮ್ರೆ ಲಕಟೋಶ್ ಎಂಬ ತತ್ತ್ವಜ್ಞನು 1970ರಲ್ಲಿ ಇದಕ್ಕೊಂದು ಸಮಾಧಾನ ಹೇಳಿದ್ದಾನೆ. ಸಿದ್ಧಾಂತದ ತಿರುಳನ್ನು ಕಾಪಾಡುವುದಕ್ಕೆ ಸುತ್ತಲೂ ಉಪ-ಊಹೆಗಳ ಬೇಲಿಯನ್ನು ಕಟ್ಟುತ್ತಾರೆ. ಆ ಬೇಲಿಯೊಳಗಿಂದ ಹೊಸ ಹೊಸ ಸತ್ಯಗಳು ಹೊರಬರುತ್ತಿದ್ದರೆ ಸಿದ್ಧಾಂತವು ಜೀವಂತ. ಬೇಲಿಯನ್ನು ಸರಿಪಡಿಸುವುದೇ ಕೆಲಸವಾದರೆ ಅದು ಬತ್ತುತ್ತಿದೆಯೆಂದು ತಿಳಿಯಬೇಕು. ಹಕ್ಕಿಯ ಊಹೆ ಹೀಗೆ ಬತ್ತಿತು. ತರುವಾಯ ಸೌದಿ ಅರೇಬಿಯದಲ್ಲಿ 1995ರ ಸುಮಾರಿಗೆ ಪತ್ತೆಯಾದ ಅಲ್‌ಖುರ್ಮಾ ಎಂಬ ವೈರಾಣು ಇದರ ಅತಿ ಸಮೀಪದ ಬಂಧುವೆಂದು ತಿಳಿಯಿತು. ಇವೆರಡೂ ಎಂದು ಬೇರೆಯಾದುವೆಂಬುದನ್ನು ಅವುಗಳ ವಂಶಸೂತ್ರದಿಂದ ಎಣಿಸಲಾಗಿ, 2009ರ ಒಂದು ಲೆಕ್ಕವು 1940ರ ಆಸುಪಾಸೆಂದಿತು. ಹೆಚ್ಚು ಮಾದರಿಗಳನ್ನು ಬಳಸಿದ 2011ರ ಲೆಕ್ಕವು ಸುಮಾರು 700 ವರ್ಷಗಳ ಹಿಂದೆ ಎಂದಿತು. ಎರಡನೆಯ ಲೆಕ್ಕವು ಸರಿಯಾದರೆ ಈ ವೈರಾಣು 1957ರಲ್ಲಿ ಹೊಸದಾಗಿ ಬಂದ ಅತಿಥಿಯೆಂದು ಹೇಳುವುದು ಕಷ್ಟ. ಆಗ ಪ್ರಶ್ನೆಯೇ ತಿರುಗಿಬೀಳುತ್ತದೆ: 'ಇದು ಎಲ್ಲಿಂದ ಬಂದಿತು?' ಎಂಬುದು ಹೋಗಿ, 'ಇಷ್ಟು ಕಾಲ ಕಾಡಿನಲ್ಲಿ ಅಡಗಿದ್ದುದು ಈಗೇಕೆ ಊರಿಗೆ ಬಂದಿತು?' ಎಂಬುದು ಮುಂದೆ ನಿಲ್ಲುತ್ತದೆ.

ಈ ಎರಡನೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಮುಖ್ಯನು ಕೊಲಂಬಿಯ ದೇಶದ ವೈದ್ಯ ಹೋರ್ಹೆ ಬೊಶೆಲ್. ಸ್ವಾರಸ್ಯವೇನೆಂದರೆ ಈತನೂ ಹಳದಿ ಜ್ವರದ ಪರಂಪರೆಯವನೇ. ತನ್ನ ದೇಶದಲ್ಲಿ ಮರ ಕಡಿಯುವವರು ದೊಡ್ಡ ಮರವೊಂದನ್ನು ಉರುಳಿಸಿದಾಗ, ಮರದ ನೆತ್ತಿಯಲ್ಲಿದ್ದ ಸೊಳ್ಳೆಗಳು ನೆಲಕ್ಕಿಳಿದು ಅವರನ್ನು ಮುತ್ತುವುದನ್ನು ಕಂಡು, ಕಾಡಿನ ಹಳದಿ ಜ್ವರದ ಮರ್ಮವನ್ನು ಅರಿತವನು. ಹಳೆಯ ಪಳಗುವಿಕೆಯು ಕೆಲವೊಮ್ಮೆ ಕಣ್ಣನ್ನು ಕಟ್ಟುತ್ತದೆಂಬುದು ನಿಜ. ಆದರೆ ಅದೇ ಪಳಗುವಿಕೆಯು ಕಾಡಿನ ಮೇಲೆ ಕೊಡಲಿ ಬಿದ್ದಾಗ ರೋಗವು ಕೆಳಗಿಳಿಯುತ್ತದೆಂಬ ಪಾಠವನ್ನೂ ಅವನಿಗೆ ಕಲಿಸಿದ್ದಿತು. ಪುಣೆಯ ಕೇಂದ್ರವು ಸಾಗರದಲ್ಲಿ ಒಂದು ಕ್ಷೇತ್ರ ಶಾಖೆಯನ್ನು ತೆರೆದಿದ್ದಿತು. ಅಲ್ಲಿಂದ ಕಾಡು, ದನ, ಉಣುಗು, ಇಲಿ, ಮಂಗ ಎಲ್ಲವನ್ನೂ ವರ್ಷಗಟ್ಟಲೆ ನೋಡಿ ಕಲೆಹಾಕಿದ ತಿಳಿವಳಿಕೆಯನ್ನು ಆಧರಿಸಿ ಬೊಶೆಲ್ 1969ರಲ್ಲಿ ತನ್ನ ವಿಚಾರವನ್ನು ಪ್ರಕಟಿಸಿದನು.

ಆ ವಿಚಾರದ ಸಾರಾಂಶವಿದು. ಉಣುಗು ಬೆಳೆಯುವುದಕ್ಕೆ ದೊಡ್ಡ ಪ್ರಾಣಿಯ ರಕ್ತ ಬೇಕು. ಜನವಸತಿಯು ಹೆಚ್ಚಿ, ಕಾಡಂಚು ತೆರವಾಗಿ ಗದ್ದೆಯಾದಂತೆ, ದನಗಳು ಕಾಡಿನೊಳಗೆ ಮೇಯಲು ಹೋದುವು. ದನಕ್ಕೆ ಈ ರೋಗದಿಂದ ಬಾಧೆಯಿಲ್ಲ. ಆದರೆ ಅದರ ಮೈಮೇಲೆ ರಕ್ತ ಹೀರಿದ ಉಣುಗು ಕೆಳಗುದುರಿ ತರಗೆಲೆಯಲ್ಲಿ ಮೊಟ್ಟೆಯಿಡುತ್ತದೆ. ಮಳೆಗಾಲ ಮುಗಿದ ಮೇಲೆ ಮರಿಗಳೊಡೆದು ಇಲಿ, ಮಂಗ ಮೊದಲಾದ ಪ್ರಾಣಿಗಳನ್ನು ಹತ್ತುತ್ತವೆ. ಅವುಗಳಲ್ಲಿ ವೈರಾಣು ಸೇರಿದರೆ, ಮುಂದಿನ ಅವಸ್ಥೆಯ ಮರಿಗಳು ಚಳಿಗಾಲ ಬೇಸಗೆಗಳಲ್ಲಿ ಮನುಷ್ಯನನ್ನು ಕಚ್ಚುತ್ತವೆ. ಸೊಪ್ಪಿನಬೆಟ್ಟದಲ್ಲಿ ಸೊಪ್ಪು ಕೊಯ್ಯುವವರೂ ತರಗೆಲೆ ಗುಡಿಸುವವರೂ ಕಾಡಿಗೆ ಹೋಗುವ ಕಾಲವೂ ಅದೇ. ಮಂಗ ಸತ್ತು ಬಿದ್ದಲ್ಲಿ ಅದರ ಮೈಯ ಉಣುಗುಗಳೆಲ್ಲ ಉದುರಿ ಆ ನೆಲವೇ ವಿಷಮಯವಾಗುತ್ತದೆ. ಹೀಗೆ ರೋಗವು ಒಂದು ಅಣುವಿನ ಕೃತ್ಯವಾಗಿ ಮಾತ್ರ ಉಳಿಯದೆ, ಕಾಡಿಗೂ ಕೊಟ್ಟಿಗೆಗೂ ತೋಟಕ್ಕೂ ಇರುವ ಸಂಬಂಧದ ಫಲವಾಗಿ ಕಾಣತೊಡಗಿತು. ಚೌಕಟ್ಟು ಬದಲಾಗುವುದೆಂದರೆ ಇದು.

ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರುತೋಪಿಗಾಗಿ ಕಾಡನ್ನು ಕಡಿದ ಮೇಲೆ 1983ರ ಸುಮಾರಿಗೆ 1,500ಕ್ಕೂ ಮಿಕ್ಕಿದ ಜನರಿಗೆ ಈ ರೋಗ ತಗಲಿದಾಗ ಆ ಚೌಕಟ್ಟಿಗೆ ದಾರುಣವಾದ ಸಮರ್ಥನೆಯೊದಗಿತು. ಮಾರ್ಕ್ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞನು ಅಲ್ಲಿಯ ಜನರ ನಡುವೆ ವಿಚಾರಿಸಿ, ಇದನ್ನು 'ಅಭಿವೃದ್ಧಿಯ ಕಾಯಿಲೆ' ಎಂದು 1987ರಲ್ಲಿ ಕರೆದನು.

ಇನ್ನು ಸಮಾಜಶಾಸ್ತ್ರಜ್ಞರ ಮತ. ಅಮೆರಿಕದ ರಾಬರ್ಟ್ ಮರ್ಟನ್ 1942ರಲ್ಲಿ ವಿಜ್ಞಾನಿಗಳ ಸಮಾಜಕ್ಕೆ ಕೆಲವು ಧರ್ಮಗಳುಂಟೆಂದು ಹೇಳಿದನು. ಹೇಳಿದವನು ಯಾವ ಕುಲದವನು, ಯಾವ ದೇಶದವನು ಎಂದು ನೋಡದೆ ಹೇಳಿದ ಮಾತನ್ನೇ ಅಳೆಯುವುದು. ಕಂಡುದನ್ನು ಮುಚ್ಚಿಡದೆ ಎಲ್ಲರಿಗೂ ಸೇರಿದ ಸೊತ್ತೆಂದು ಕೊಡುವುದು. ಸ್ವಂತ ಲಾಭಕ್ಕಾಗಿ ಸತ್ಯವನ್ನು ತಿರುಚದಿರುವುದು. ಯಾವ ಮಾತನ್ನೂ ಪರೀಕ್ಷಿಸದೆ ಒಪ್ಪದಿರುವುದು. ಎಡಿನ್‌ಬರೋ ನಗರದ ಡೇವಿಡ್ ಬ್ಲೂರ್ 1976ರಲ್ಲಿ ಇನ್ನೂ ಮುಂದೆ ಹೋಗಿ, ಜನರು ಸುಳ್ಳನ್ನು ಏಕೆ ನಂಬಿದರೆಂಬುದಕ್ಕೆ ಮಾತ್ರವಲ್ಲ, ನಿಜವನ್ನು ಏಕೆ ನಂಬಿದರೆಂಬುದಕ್ಕೂ ಸಾಮಾಜಿಕ ಕಾರಣಗಳನ್ನು ಹುಡುಕತಕ್ಕದ್ದೆಂದು ವಾದಿಸಿದನು.

ಈ ಮತದಲ್ಲಿ ಎಷ್ಟು ಹುರುಳಿದೆಯೆಂಬುದಕ್ಕೂ ಈ ರೋಗದ ಚರಿತ್ರೆಯೇ ಸಾಕ್ಷಿ. ರಾಕ್‌ಫೆಲರ್ ಪ್ರತಿಷ್ಠಾನವು 1967ರಲ್ಲಿ ಪುಣೆಯ ಕೇಂದ್ರಕ್ಕೆ ಕೊಡುತ್ತಿದ್ದ ನೆರವನ್ನು ನಿಲ್ಲಿಸಿತು. ಈ ವೈರಾಣುವಿನೊಡನೆ ಕೆಲಸಮಾಡುತ್ತಿದ್ದ ಕಾರ್ಯಾಗಾರದ ಸಿಬ್ಬಂದಿಗೇ ರೋಗ ತಗಲುತ್ತಿದ್ದುದರಿಂದ, ಸಾಕಷ್ಟು ರಕ್ಷಣೆಯುಳ್ಳ ಕಾರ್ಯಾಗಾರವಿಲ್ಲದೆ 1970ರ ದಶಕದಲ್ಲಿ ಅಲ್ಲಿಯ ಸಂಶೋಧನೆ ಕುಂಠಿತವಾಯಿತು. ಕೇಂದ್ರವು 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ಅತ್ಯಂತ ಅಪಾಯಕರವಾದ ವೈರಾಣುಗಳಿಗೆ ತಕ್ಕ ಉನ್ನತ ರಕ್ಷಣೆಯ ಕಾರ್ಯಾಗಾರವು ಅಲ್ಲಿ ಆರಂಭವಾದುದು 2012ರಲ್ಲಿ. ನಡುವಣ ದಶಕಗಳಲ್ಲಿ ತಿಳಿವಳಿಕೆಯು ನಿಧಾನವಾದುದಕ್ಕೆ ವೈರಾಣುವಿನ ಗೂಢತೆ ಕಾರಣವಲ್ಲ, ಬುದ್ಧಿಯ ಕೊರತೆಯೂ ಕಾರಣವಲ್ಲ. ಹಣ, ಕಟ್ಟಡ, ಜೀವಭಯ ಇವು ಕಾರಣ. ರೋಗಪೀಡಿತರು ರಾಜಧಾನಿಯ ಧನಿಕರಾಗಿರದೆ ಕಾಡಂಚಿನ ಕೂಲಿಕಾರರೂ ಸಣ್ಣ ಹಿಡುವಳಿದಾರರೂ ಆಗಿದ್ದುದನ್ನೂ ಇಲ್ಲಿ ಮರೆಯಲಾಗದು. ಯಾವ ಪ್ರಶ್ನೆಯನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಬಹುಮಟ್ಟಿಗೆ ಸಮಾಜವೇ ನಿರ್ಣಯಿಸುತ್ತದೆ.

ಆದರೆ ಕೇಳಿದ ಪ್ರಶ್ನೆಗೆ ಬರುವ ಉತ್ತರವನ್ನೂ ಸಮಾಜವೇ ನಿರ್ಣಯಿಸುವುದೆಂದರೆ ಅದು ಅತಿವ್ಯಾಪ್ತಿ. ಬಂದವರ ಹಣ, ಪ್ರತಿಷ್ಠೆ, ಅಭ್ಯಾಸ ಎಲ್ಲವೂ ಹಳದಿ ಜ್ವರದ ಕಡೆಗೆ ಇದ್ದುವು. ಉಣುಗು ಬೇರೆ ಉತ್ತರವನ್ನು ಕೊಟ್ಟಿತು. ಆ ಉತ್ತರವೇ ನಿಂತಿತು. ಸಮಾಜಶಾಸ್ತ್ರವು ಕದವನ್ನು ಯಾರು ತಟ್ಟಿದರೆಂದು ಹೇಳುತ್ತದೆ. ಒಳಗಿನಿಂದ ಬಂದ ದನಿಯು ಯಾರದೆಂಬುದು ತಟ್ಟಿದವನ ಇಷ್ಟದಂತೆ ಆಗುವುದಿಲ್ಲ.

ಈಗ ಆಕ್ಷೇಪದ ಮುಖ್ಯ ಭಾಗವಾದ ಲಸಿಕೆಯ ವಿಷಯ. ರಷ್ಯದ ಲಸಿಕೆಯು ಫಲಿಸದೆ ಹೋದ ಮೇಲೆ, ಈ ಕಾಡಿನ ವೈರಾಣುವನ್ನೇ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್ನಿನಿಂದ ಕೊಂದು ಲಸಿಕೆಯನ್ನು ತಯಾರಿಸಿದರು. 1990ರಿಂದ ನಡೆದ ಪ್ರಯೋಗದಲ್ಲಿ, ಒಂದು ಸಲ ಹಾಕಿಸಿಕೊಂಡವರಲ್ಲಿ ನೂರಕ್ಕೆ 79ರಷ್ಟು, ಎರಡು ಸಲ ಹಾಕಿಸಿಕೊಂಡವರಲ್ಲಿ ನೂರಕ್ಕೆ 93ರಷ್ಟು ರಕ್ಷಣೆ ಕಂಡಿತು. ಅದರಂತೆ ಮಲೆನಾಡಿನಲ್ಲಿ ವರ್ಷ ವರ್ಷವೂ ಲಸಿಕೆ ಹಾಕಲಾಯಿತು. ಬಳಿಕ 2005ರಿಂದ 2010ರವರೆಗಿನ ಲೆಕ್ಕಗಳನ್ನು ತೆಗೆದು 2013ರಲ್ಲಿ ಪ್ರಕಟಿಸಿದಾಗ, ಎರಡು ಸಲ ಹಾಕಿಸಿಕೊಂಡವರಿಗೆ ದೊರೆತ ರಕ್ಷಣೆ ನೂರಕ್ಕೆ 62ರಷ್ಟೇ ಎಂದೂ, ಮೂರನೆಯ ಬಲವರ್ಧಕವನ್ನೂ ತೆಗೆದುಕೊಂಡವರಿಗೆ ನೂರಕ್ಕೆ 83ರಷ್ಟೆಂದೂ ತಿಳಿಯಿತು. ಚುಚ್ಚಿದಾಗ ಆಗುವ ನೋವಿನಿಂದಲೂ, ಮತ್ತೆ ಮತ್ತೆ ಹಾಕಿಸಬೇಕಾದ ಶ್ರಮದಿಂದಲೂ ಹಲವರು ದೂರ ಉಳಿದಿದ್ದರು. ಕೊನೆಗೆ ಲಸಿಕೆಯ ಶಕ್ತಿಯೇ ಸಾಲದೆಂದು ಕಂಡುಬಂದು 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆಯ ಸಿದ್ಧತೆ ತರುವಾಯ ಆರಂಭವಾಯಿತು.

ಮಹಾಶಯರೇ, ಈ ಸಂಗತಿಯನ್ನು ಎರಡು ವಿಧವಾಗಿ ಓದಬಹುದು. "ಮೂವತ್ತು ವರ್ಷ ಮೋಸಹೋದೆವು" ಎಂಬುದು ಒಂದು. ಲಸಿಕೆಯ ಕುಂದನ್ನು ಕಂಡುಹಿಡಿದವರು ಯಾರು ಎಂದು ವಿಚಾರಿಸುವುದು ಇನ್ನೊಂದು. ಅದನ್ನು ಕಂಡುಹಿಡಿದು, ಅಂಕಿಗಳೊಡನೆ ಬಹಿರಂಗವಾಗಿ ಅಚ್ಚುಮಾಡಿಸಿದವರು ವಿಜ್ಞಾನದ ವೈರಿಗಳಲ್ಲ. ಆರೋಗ್ಯ ಇಲಾಖೆಯವರೂ ಸಂಶೋಧಕರೂ ಆದ ಅದೇ ಬಳಗದವರು. ಮರ್ಟನ್ ಹೇಳಿದ ಧರ್ಮವೆಂದರೆ ಇದೇ. ಆದರೆ ಇಷ್ಟರಿಂದಲೇ ಎಲ್ಲರೂ ನಿರ್ದೋಷಿಗಳೆಂದು ಹೇಳುವಂತಿಲ್ಲ. ಕುಂದು ಅಂಕಿಗಳಲ್ಲಿ ಕಂಡಮೇಲೆ ಲಸಿಕೆಯು ನಿಲ್ಲುವುದಕ್ಕೆ ಒಂಬತ್ತು ವರ್ಷ ಹಿಡಿಯಿತು. ಹಳೆಯದು ನಿಂತಾಗ ಹೊಸದು ಕೈಯಲ್ಲಿರಲಿಲ್ಲ. ಆಕ್ಷೇಪಿಸುವವರ ನೋವು ಇಲ್ಲಿ ನ್ಯಾಯವಾದುದು. ವಿಜ್ಞಾನವು ಬದಲಾಯಿತೆಂಬುದಲ್ಲ ದೂರಬೇಕಾ­ದ ವಿಷಯ; ಬದಲಾವಣೆಯು ತಡವಾಯಿತೆಂಬುದು.

ರೋಗದ ಎಲ್ಲೆಯ ವಿಷಯದಲ್ಲಿಯೂ ಹೀಗೆಯೇ ಆಯಿತು. ಮೊದಲ ಹದಿನೈದು ವರ್ಷಗಳಲ್ಲಿ ಅದು ಬಹುಮಟ್ಟಿಗೆ ಸೊರಬ, ಸಾಗರ, ಶಿಕಾರಿಪುರಗಳ ಕಡೆಗೇ ಇದ್ದಿತು. ಆದುದರಿಂದ ಇದು ಒಂದು ಮೂಲೆಯ ರೋಗವೆಂಬ ಭಾವನೆ ಬೇರೂರಿತು. 2012ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ, ಅನಂತರ ಕೇರಳದ ವಯನಾಡಿನಲ್ಲಿ, ಗೋವೆಯಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಅದು ಕಾಣಿಸಿದಾಗ ಆ ಭಾವನೆ ಕುಸಿಯಿತು. 2018ರ ಡಿಸೆಂಬರಿನಿಂದ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯಲ್ಲಿ ಹಲವರ ಪ್ರಾಣವನ್ನು ಕೊಂಡ ಹಾವಳಿಯು ಇನ್ನೂ ಜನರ ನೆನಪಿನಲ್ಲಿದೆ. ತರುವಾಯ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಕೂಡಿ, ಶಿವಮೊಗ್ಗೆಯ ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳವರ ಅನುಭವವನ್ನೂ ಕೇಳಿ, ರೋಗವು ಎಲ್ಲಿ ಬರಬಹುದೆಂಬುದರ ನಕ್ಷೆಯನ್ನು ತಯಾರಿಸಿ 2020ರಲ್ಲಿ ಪ್ರಕಟಿಸಿದರು. ನಿತ್ಯಹರಿದ್ವರ್ಣದ ಕಾಡೂ ತೋಟಗಳೂ ಬೆರೆತು, ನಾಡದನಗಳು ಹೆಚ್ಚಾಗಿರುವ ಎಡೆಯಲ್ಲಿ ಅಪಾಯ ಹೆಚ್ಚೆಂದು ಅದರಿಂದ ಕಂಡಿತು. ಇದು ತೀರ್ಥಹಳ್ಳಿ, ಹೊಸನಗರಗಳ ಯಾವ ರೈತನಿಗಾದರೂ ತನ್ನ ಊರಿನ ವರ್ಣನೆಯೆಂದೇ ತೋರುವುದು.

ಇನ್ನು ಸಿದ್ಧಾಂತ. ವಿಜ್ಞಾನವು ಒಂದೇ ಕಾರಣದಿಂದ ಬದಲಾಗುವುದಿಲ್ಲ. ಹಳದಿ ಜ್ವರದ ಊಹೆ ಪಾಪರನು ಹೇಳಿದಂತೆ ಪರೀಕ್ಷೆಯಿಂದ ಬಿದ್ದಿತು. ಹಕ್ಕಿಯ ಊಹೆ ಲಕಟೋಶನು ಹೇಳಿದಂತೆ ಫಲವಿಲ್ಲದೆ ಬತ್ತಿತು. ಸೌರಾಷ್ಟ್ರದ ಸುಳಿವು ಫ್ಲೆಕ್ಕನು ಹೇಳಿದಂತೆ ಕಣ್ಣು ಪಳಗುವವರೆಗೆ ಕಾಣದೆ ಉಳಿಯಿತು. ಕಾಡು-ಕೊಟ್ಟಿಗೆಗಳ ಸಂಬಂಧವು ಕೂನನು ಹೇಳಿದಂತೆ ಪ್ರಶ್ನೆಯನ್ನೇ ಬದಲಿಸಿತು. ಶೋಧನೆಯ ವೇಗವನ್ನು ಸಮಾಜಶಾಸ್ತ್ರಜ್ಞರು ಹೇಳುವಂತೆ ಹಣವೂ ಸಂಸ್ಥೆಗಳೂ ಆಳಿದುವು.

ಇಷ್ಟೆಲ್ಲ ಬದಲಾದರೂ ಬದಲಾಗದೆ ನಿಂತುದನ್ನೂ ಎಣಿಸಬೇಕು. ಇದು ವೈರಾಣುವಿನಿಂದ ಬರುವ ರೋಗ, ಉಣುಗಿನಿಂದ ಹರಡುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ, ಮಂಗನ ಸಾವು ಇದರ ಮುನ್ಸೂಚನೆ, ಮಳೆಗಾಲದ ಆಚೆಯ ತಿಂಗಳುಗಳು ಇದರ ಋತು. ಆರು ದಶಕಗಳಿಗೂ ಮಿಕ್ಕಿದ ಪರೀಕ್ಷೆಯಲ್ಲಿ ಇವು ಅಲುಗಿಲ್ಲ. ಮೇಲಿನ ಸೊಪ್ಪು ಪ್ರತಿವರ್ಷ ಉದುರಿ ಚಿಗುರುತ್ತದೆಂದು ಮರಕ್ಕೆ ಬೇರಿಲ್ಲವೆನ್ನುವುದು ಸರಿಯಲ್ಲ. ಆದುದರಿಂದ 'ಎಲ್ಲವನ್ನೂ ನಂಬು' ಎಂಬುದೂ, 'ಯಾವುದನ್ನೂ ನಂಬಬೇಡ' ಎಂಬುದೂ ಉತ್ತರವಲ್ಲ. ಯಾವ ಮಾತು ಎಷ್ಟು ಪರೀಕ್ಷೆಗಳನ್ನು ದಾಟಿ ನಿಂತಿದೆಯೋ ಅದಕ್ಕೆ ಅಷ್ಟು ನಂಬಿಕೆಯನ್ನು ಕೊಡುವುದು ವಿವೇಕ. ಹೊಸ ಲಸಿಕೆ ಬಂದಾಗ, "ಇದನ್ನು ಎಷ್ಟು ಜನರ ಮೇಲೆ ಪರೀಕ್ಷಿಸಿದಿರಿ? ರಕ್ಷಣೆ ನೂರಕ್ಕೆ ಎಷ್ಟು? ಎಷ್ಟು ಕಾಲ ನಿಲ್ಲುತ್ತದೆ?" ಎಂದು ಕೇಳುವುದು ಜನರ ಹಕ್ಕು. ಸರಿಯಾದ ಉತ್ತರ ದೊರೆತ ಮೇಲೆ ಹಿಂಜರಿಯದೆ ಹಾಕಿಸಿಕೊಳ್ಳುವುದು ಕರ್ತವ್ಯ.

ಕೊನೆಯದಾಗಿ ಒಂದು ಮಾತು. ಈ ವಿಜ್ಞಾನವು ಆರಂಭವಾದುದು ಪುಣೆಯ ಕಾರ್ಯಾಗಾರದಲ್ಲಲ್ಲ. ಮಂಗಗಳು ಸಾಯುತ್ತಿರುವುದನ್ನೂ ಜನರು ಜ್ವರದಲ್ಲಿ ಮಲಗಿರುವುದನ್ನೂ ಕೂಡಿಸಿ ನೋಡಿದ ಹಳ್ಳಿಯವರ ಕಣ್ಣಿನಲ್ಲಿ. ಆ ಕಣ್ಣು ಇಂದಿಗೂ ಬೇಕಾಗಿದೆ. ಸತ್ತ ಮಂಗನನ್ನು ಕಂಡವರು ಹತ್ತಿರ ಹೋಗದೆ, ಮುಟ್ಟದೆ, ಅಂದೇ ಆರೋಗ್ಯಕೇಂದ್ರಕ್ಕೋ ಪಂಚಾಯಿತಿಗೋ ತಿಳಿಸಿದರೆ ಆ ನೆಲಕ್ಕೆ ಔಷಧ ಹೊಡೆಯುವುದಕ್ಕೂ ಸುತ್ತಣ ಮನೆಗಳವರನ್ನು ಎಚ್ಚರಿಸುವುದಕ್ಕೂ ಅವಕಾಶವಾಗುತ್ತದೆ. ಕಾಡಿಗೆ ಹೋಗುವವರು ಕೈಕಾಲುಗಳಿಗೆ ಉಣುಗು ತಡೆಯುವ ತೈಲವನ್ನು ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ತೊಟ್ಟು ಹೋಗಿ, ಬಂದೊಡನೆ ಬಿಸಿನೀರಿನಲ್ಲಿ ಸ್ನಾನಮಾಡಿ ಬಟ್ಟೆಯನ್ನು ಒಗೆಯಬೇಕು. ಜ್ವರ ಬಂದರೆ ತಾವು ಕಾಡಿಗೆ ಹೋಗಿದ್ದುದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಹೀಗೆ ಹೇಳಿದ ಒಂದೊಂದು ಮಾತೂ ಮುಂದಿನ ಲೆಕ್ಕದಲ್ಲಿ ಒಂದು ಅಂಕಿಯಾಗಿ ಸೇರುತ್ತದೆ; ಇಂದಿನ ತಿಳಿವಳಿಕೆಯಲ್ಲಿ ತಪ್ಪಿದ್ದರೆ ಅದು ತಿದ್ದಿಹೋಗುವುದೂ ಅಂಥ ಅಂಕಿಗಳಿಂದಲೇ.

ಸರ್ವರಿಗೂ ಆರೋಗ್ಯವಾಗಲಿ, ಮಂಗಳವಾಗಲಿ.